ಯಾರೂ ಟಿಕೆಟ್ ಕೇಳದ ಊರಿನಲ್ಲಿ: ಚಿಕ್ಕಮ್ಮನ ಜೊತೆ ವಿಯೆನ್ನಾ

ವಿಯೆನ್ನಾಗೆ ಹೊರಟಿದ್ದೇವೆ ಎಂದಾಗ ಗೊತ್ತಿದ್ದವರೆಲ್ಲ ಕೇಳಿದ್ದು ಒಂದೇ. ಪ್ಯಾರಿಸ್, ರೋಮ್ ಬಿಟ್ಟು ಅಲ್ಲಿಗ್ಯಾಕೆ? ಉತ್ತರ ಸುಲಭ. ಚಿಕ್ಕಮ್ಮನಿಗೆ ಸಂಗೀತದ ಹುಚ್ಚು. ನನಗೆ ಬಸ್ಸು ರೈಲಿನಲ್ಲೇ ಆರಾಮಾಗಿ ಓಡಾಡಬಹುದಾದ ಊರು ಬೇಕಿತ್ತು. ಚಿಕ್ಕಮ್ಮ ಸಾಗರದ ಕಡೆ ಪ್ರೈಮರಿ ಸ್ಕೂಲಿನಲ್ಲಿ ಟೀಚರ್ ಆಗಿದ್ದು ರಿಟೈರ್ ಆದವರು. ವಯಸ್ಸು ಅರವತ್ತು ದಾಟಿದೆ, ಮಂಡಿ ಇನ್ನೂ ಗಟ್ಟಿ, ಮೊಟ್ಟೆ ಕೂಡ ತಿನ್ನುವುದಿಲ್ಲ.

ಆ ಊರಿನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ನಿಮ್ಮನ್ನು ಯಾರೂ ತಡೆಯುವುದಿಲ್ಲ. ಹಾಗೆಯೇ, ಯಾರೂ ತಾವಾಗಿ ಬಂದು ಏನನ್ನೂ ಹೇಳುವುದೂ ಇಲ್ಲ. ನಿಯಮ ನಿಮಗೆ ಗೊತ್ತಿದೆ ಎಂದುಕೊಂಡೇ ಎಲ್ಲವೂ ನಡೆಯುತ್ತದೆ. ಗೊತ್ತಿದ್ದರೆ ಸಲೀಸು. ಗೊತ್ತಿಲ್ಲದಿದ್ದರೆ ದಂಡ ಕಟ್ಟುವಾಗ ಗೊತ್ತಾಗುತ್ತದೆ. ಹಾಗಾಗಿ ಹೋಗುವ ಮೊದಲು ಸ್ವಲ್ಪ ಓದಿಕೊಂಡಿದ್ದೆವು.

ಮೊದಲು ವೀಸಾ. ಆಸ್ಟ್ರಿಯಾ ಷೆಂಗೆನ್ ಒಕ್ಕೂಟದ ದೇಶ. ಒಂದು ವೀಸಾ ಇದ್ದರೆ 29 ದೇಶಗಳಲ್ಲಿ ಓಡಾಡಬಹುದು. ಆದರೆ ಅರ್ಜಿಯನ್ನು ಜಾಸ್ತಿ ದಿನ ಇರುವ ದೇಶಕ್ಕೇ ಹಾಕಬೇಕು. ಎಲ್ಲ ಕಡೆ ಸಮ ದಿನ ಇರುವುದಾದರೆ ಮೊದಲು ಕಾಲಿಡುವ ದೇಶಕ್ಕೆ. ಯಾವ ದೇಶದ ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೋ ಅಲ್ಲಿಗೆ ಹಾಕಿಬಿಡಿ ಎಂದು ಸಲಹೆ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಹೋಟೆಲ್ ಬುಕಿಂಗ್ ಒಂದು ಕಡೆ, ವೀಸಾ ಇನ್ನೊಂದು ಕಡೆ ಇದ್ದರೆ ಉತ್ತರ ಹೇಳಬೇಕಾದವರು ನಾವೇ. ಆ ಗೋಜೇ ಬೇಡ ಎಂದು ನಾವು ಇಡೀ ಪ್ರವಾಸವನ್ನು ಒಂದೇ ಊರಿಗೆ ಇಟ್ಟುಕೊಂಡಿದ್ದೆವು.

ಅರ್ಜಿಯನ್ನು ಹೊರಡುವ ದಿನಕ್ಕೆ 6 ತಿಂಗಳು ಮೊದಲಿನಿಂದ ಹಾಕಬಹುದು, ಕೊನೆಯ ಗಡುವು 15 ದಿನ. ದೊಡ್ಡವರಿಗೆ ಶುಲ್ಕ 90 ಯೂರೋ, ಅದರ ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ. ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ಕೊಟ್ಟಿದ್ದಾಗಿರಬೇಕು, ವಾಪಸ್ ಬಂದ ಮೇಲೂ 3 ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ಟ್ರಾವೆಲ್ ಇನ್ಶೂರೆನ್ಸ್ ಕಡಿಮೆಯೆಂದರೆ 30,000 ಯೂರೋದ್ದು. ಇದರ ಜೊತೆಗೆ ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್ಸ್, ಆಫೀಸಿನ ರಜೆ ಪತ್ರ, ಹೋಟೆಲ್ ಮತ್ತು ವಿಮಾನದ ಬುಕಿಂಗ್. ಚಿಕ್ಕಮ್ಮನದು ಪಿಂಚಣಿ. ಪಿಂಚಣಿ ಆದೇಶದ ಪ್ರತಿ, ಅದು ತಿಂಗಳು ತಿಂಗಳು ಜಮೆಯಾಗುವ ಪಾಸ್‌ಬುಕ್ಕು, ಖರ್ಚು ನಾನು ನೋಡಿಕೊಳ್ಳುತ್ತೇನೆ ಎಂಬ ನನ್ನ ಪತ್ರ, ನಮ್ಮಿಬ್ಬರ ಸಂಬಂಧ ತೋರಿಸುವ ಕಾಗದ ಎಲ್ಲ ಸೇರಿಸಿದೆವು. ಫೈಲು ದಪ್ಪ ಆಯಿತು. "ನನ್ನ ಸರ್ವೀಸ್ ರಿಜಿಸ್ಟರ್ ಕೂಡ ಇಷ್ಟು ದಪ್ಪ ಇರಲಿಲ್ಲ ಕಣೇ" ಎಂದರು ಚಿಕ್ಕಮ್ಮ.

ಕೇಂದ್ರದಲ್ಲಿ ಹತ್ತೂ ಬೆರಳಿನ ಗುರುತು ತೆಗೆದುಕೊಳ್ಳುತ್ತಾರೆ. ಚಾಕ್‌ಪೀಸು, ಪಾತ್ರೆ, ತೋಟದ ಕೆಲಸ ಎಲ್ಲ ಸೇರಿ ಚಿಕ್ಕಮ್ಮನ ಹೆಬ್ಬೆಟ್ಟಿನ ಗೆರೆ ಸವೆದಿದೆ. ಆಧಾರ್‌ಗೂ ಹೀಗೇ ಆಗಿತ್ತು. ಕೌಂಟರಿನ ಹುಡುಗಿ ಒದ್ದೆ ಟಿಶ್ಯೂ ಕೊಟ್ಟು ಒರೆಸಿಸಿ, ತಾನೇ ಬೆರಳು ಒತ್ತಿ ಹಿಡಿದು ತೆಗೆದುಕೊಂಡಳು. ಆಮೇಲೆ ಪಾಸ್‌ಪೋರ್ಟ್ ದೆಹಲಿಯ ರಾಯಭಾರ ಕಚೇರಿಗೆ ಹೋಗಿ ಬರಬೇಕು. ಸಾಮಾನ್ಯವಾಗಿ 15 ದಿನ ಅನ್ನುತ್ತಾರೆ, 45ಕ್ಕೂ ಎಳೆಯಬಹುದು ಎಂದು ನಿಯಮದಲ್ಲೇ ಇದೆ. ಬೇಸಿಗೆ ರಜೆಯ ಹೊತ್ತಿಗೆ ಅರ್ಧ ಬೆಂಗಳೂರೇ ಅಲ್ಲಿ ನಿಂತಿರುತ್ತದೆ, ಬೇಗ ಹಾಕಿ.

ಬೆಂಗಳೂರಿನಿಂದ ನಾವು ದುಬೈ ಮೇಲೆ ಹೋದೆವು. ಇದರಲ್ಲೊಂದು ಲೆಕ್ಕ ಇದೆ. ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್ ಮೇಲೆ ಹೋದರೆ ಷೆಂಗೆನ್ ಗಡಿ ಅಲ್ಲೇ ಬರುತ್ತದೆ. ಪಾಸ್‌ಪೋರ್ಟ್ ಸಾಲು ಜರ್ಮನಿಯಲ್ಲೇ ನಿಲ್ಲಬೇಕು, ಮುಂದಿನ ವಿಮಾನದ ಗಡಿಬಿಡಿ ತಲೆ ಮೇಲೆ ಇರುತ್ತದೆ. ದುಬೈ ಮೇಲೆ ಹೋದರೆ ವಿಯೆನ್ನಾದಲ್ಲೇ ಇಳಿದು ನಿಧಾನವಾಗಿ ನಿಲ್ಲಬಹುದು. ವಯಸ್ಸಾದವರ ಜೊತೆ ಹೋಗುವವರಿಗೆ ನನ್ನ ವೋಟು ಎರಡನೆಯದಕ್ಕೆ. 2025ರ ಅಕ್ಟೋಬರ್‌ನಿಂದ ಯುರೋಪಿನ ಗಡಿಗಳಲ್ಲಿ ಪಾಸ್‌ಪೋರ್ಟಿಗೆ ಸೀಲು ಒತ್ತುವ ಬದಲು ಮುಖದ ಫೋಟೋ, ಬೆರಳಚ್ಚು ಕಂಪ್ಯೂಟರಿಗೆ ಹತ್ತಿಸುವ ಪದ್ಧತಿ ಶುರುವಾಗಿದೆ. ಹೀಗಾಗಿ ಸಾಲಿಗೆ ಸ್ವಲ್ಪ ಜಾಸ್ತಿ ಹೊತ್ತು ಇಟ್ಟುಕೊಳ್ಳಿ. ತಿಂಡಿಯ ವಿಷಯದಲ್ಲೂ ನೆನಪಿರಲಿ: ಹಾಲು, ತುಪ್ಪ, ಮಾಂಸ ಒಳಗೆ ಒಯ್ಯುವಂತಿಲ್ಲ, ಹಸಿ ಕರಿಬೇವಿಗೂ ಪ್ರಮಾಣಪತ್ರ ಬೇಕು. ಅವಲಕ್ಕಿ, ಚಟ್ನಿಪುಡಿಗೆ ತೊಂದರೆ ಇಲ್ಲ. ನಮ್ಮ ಬ್ಯಾಗಿನಲ್ಲಿ ಎರಡೂ ಇದ್ದವು, ಯಾರೂ ಬಿಚ್ಚಿ ನೋಡಲಿಲ್ಲ.

ವಿಮಾನ ನಿಲ್ದಾಣ ಇರುವುದು ಊರಾಚೆ ಷ್ವೇಖಾಟ್‌ನಲ್ಲಿ. ಅಲ್ಲಿಂದ ಒಳಗೆ ಬರಲು ಮೂರು ರೈಲು. ಹೊರಗೆ ಬಂದ ತಕ್ಷಣ ಹಸಿರು ಬೋರ್ಡು ಕಣ್ಣಿಗೆ ರಾಚುವುದು ಕ್ಯಾಟ್ ಎಂಬ ರೈಲಿನದು. ಎಲ್ಲೂ ನಿಲ್ಲದೆ 16 ನಿಮಿಷಕ್ಕೆ ವೀನ್ ಮಿಟ್ಟೆ ಸ್ಟೇಷನ್ ಮುಟ್ಟಿಸುತ್ತದೆ. ದರ ಬೇರೆ ರೈಲುಗಳ ಮೂರುಪಟ್ಟು ಇದೆ. ಅದೇ ವೀನ್ ಮಿಟ್ಟೆಗೆ ಎಸ್7 ಎಂಬ ಲೋಕಲ್ ರೈಲು ಸುಮಾರು 25 ನಿಮಿಷದಲ್ಲಿ ಹೋಗುತ್ತದೆ. ಒಂಬತ್ತು ನಿಮಿಷ ಉಳಿಸಲು ಅಷ್ಟು ದುಡ್ಡು ಕೊಡುವುದು ನನಗೆ ಸರಿ ಕಾಣಲಿಲ್ಲ. ಹೌಪ್ಟ್‌ಬಾನ್‌ಹೋಫ್, ಅಂದರೆ ದೊಡ್ಡ ರೈಲು ನಿಲ್ದಾಣದ ಹತ್ತಿರ ಉಳಿಯುವವರಿಗೆ ರೈಲ್‌ಜೆಟ್ ಇದೆ. ದೂರದ ಊರುಗಳಿಗೆ ಹೋಗುವ ಗಾಡಿ ಅದು, 15 ನಿಮಿಷದಲ್ಲಿ ಅಲ್ಲಿಗೆ ತಲುಪಿಸುತ್ತದೆ. ಎಸ್7ನ ಟಿಕೆಟ್ಟೇ ಅದಕ್ಕೂ ನಡೆಯುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ವಿಯೆನ್ನಾ ಊರಿನೊಳಗೆಲ್ಲ ಒಂದೇ ವಲಯ. ಒಂದು ಟಿಕೆಟ್ಟಿನಲ್ಲಿ ಮೆಟ್ರೋ, ಟ್ರಾಮ್, ಬಸ್, ಲೋಕಲ್ ರೈಲು ಎಲ್ಲ ಹತ್ತಬಹುದು. ಆದರೆ ವಿಮಾನ ನಿಲ್ದಾಣ ಆ ವಲಯದ ಹೊರಗಿದೆ. ಕೈಯಲ್ಲಿ ಏಳು ದಿನದ ಪಾಸು ಇದ್ದರೂ ಆ ಹೊರಗಿನ ತುಂಡಿಗೆ ಬೇರೆ ಟಿಕೆಟ್ ಬೇಕು. ಮಷೀನಿನಲ್ಲಿ ಇಂಗ್ಲಿಷ್ ಇದೆ, ಪಾಸು ಇದೆಯಾ ಇಲ್ಲವಾ ಎಂದು ಅದೇ ಕೇಳುತ್ತದೆ.

ಎಸ್7 ಕಿಟಕಿಯಿಂದ ಮೊದಲು ಕಾಣುವುದು ತೈಲ ಸಂಸ್ಕರಣಾಗಾರದ ಟ್ಯಾಂಕುಗಳು, ಆಮೇಲೆ ಒಂದು ಗೋಡೆ. ಅದು ಊರಿನ ದೊಡ್ಡ ಸ್ಮಶಾನದ್ದು, ಅದರ ಹೆಸರಿನ ಸ್ಟೇಷನ್ನೇ ಇದೆ. ಅರಮನೆ, ತೋಟ ಎಂದು ಕನಸು ಕಟ್ಟಿಕೊಂಡು ಬಂದವರಿಗೆ ಇದು ಅಂಥ ಸ್ವಾಗತವೇನಲ್ಲ. ಚಿಕ್ಕಮ್ಮನ ಗಮನ ಇದ್ದದ್ದು ಬೇರೆ ಕಡೆ. "ಒಳಗೆ ಬರುವಾಗ ಗೇಟೇ ಇರಲಿಲ್ಲ. ಟಿಕೆಟ್ ಯಾರಿಗೆ ತೋರಿಸೋದು?"

ಯಾರಿಗೂ ಇಲ್ಲ. ನಮ್ಮ ಮೆಟ್ರೋದಲ್ಲಿ ಟೋಕನ್ ಇಟ್ಟರೆ ಮಾತ್ರ ರೆಕ್ಕೆ ತೆರೆಯುತ್ತದೆ. ಇಲ್ಲಿ ಅಂಥದ್ದೇನೂ ಇಲ್ಲ. ಮೆಟ್ರೋ ಮೆಟ್ಟಿಲ ಬಳಿ ಸೊಂಟದೆತ್ತರಕ್ಕೆ ಒಂದು ನೀಲಿ ಡಬ್ಬಿ ಇರುತ್ತದೆ. ಕಾಗದದ ಟಿಕೆಟ್ಟಿನ ತುದಿಯನ್ನು ಅದರ ಬಾಯಿಗೆ ತೂರಿಸಿದರೆ ಟಕ್ ಎಂದು ದಿನ, ಗಂಟೆ ಅಚ್ಚಾಗುತ್ತದೆ. ಅಷ್ಟೇ. 24 ಗಂಟೆಯ ಟಿಕೆಟ್ ಆದರೆ ಲೆಕ್ಕ ಶುರುವಾಗುವುದು ಆ ಟಕ್‌ನಿಂದ. ಒತ್ತುವುದು ಒಂದೇ ಸಲ, ಪ್ರತಿ ಗಾಡಿಗೂ ಅಲ್ಲ. ಒತ್ತದಿದ್ದರೆ ಟಿಕೆಟ್ ಕೊಂಡಿದ್ದರೂ ಅದು ಟಿಕೆಟ್ಟೇ ಅಲ್ಲ. ಮೊಬೈಲಿನಲ್ಲಿ ವೀನ್‌ಮೊಬಿಲ್ ಆ್ಯಪ್‌ನಿಂದ ಕೊಂಡರೆ ಈ ಕೆಲಸವೂ ಇಲ್ಲ. ಒಂದು ಸಲದ ಪ್ರಯಾಣಕ್ಕೆ 3 ಯೂರೋ ಆಸುಪಾಸು, ದಿನಕ್ಕೆ ಮೂರ್ನಾಲ್ಕು ಸಲ ಹತ್ತುವವರು ಪಾಸು ತಗೊಂಡರೆ ಲಾಭ. ಚಿಕ್ಕಮ್ಮ ಕಾಗದದ್ದೇ ಬೇಕೆಂದರು. ಅವರಿಗೆ ಆ ಟಕ್ ಸದ್ದು ಇಷ್ಟವಾಗಿಬಿಟ್ಟಿತ್ತು.

ತಪಾಸಣೆ ಇಲ್ಲವೇ ಇಲ್ಲ ಎಂದಲ್ಲ. ಒಂದು ಸಂಜೆ ಯು3 ಎಂಬ ಮೆಟ್ರೋ ಗಾಡಿಯಲ್ಲಿ ಎದುರು ನಿಂತಿದ್ದ ಇಬ್ಬರು, ಒಬ್ಬ ಜೀನ್ಸ್ ಹಾಕಿದ ಹುಡುಗ, ಇನ್ನೊಬ್ಬ ಕೈಚೀಲ ಹಿಡಿದ ಹೆಂಗಸು, ಬಾಗಿಲು ಮುಚ್ಚಿದ ತಕ್ಷಣ ಕುತ್ತಿಗೆಯಿಂದ ಗುರುತಿನ ಚೀಟಿ ಎತ್ತಿ ತೋರಿಸಿದರು. ಚಿಕ್ಕಮ್ಮ ಪರ್ಸಿನಿಂದ ಟಿಕೆಟ್ ತೆಗೆದು, ಅಚ್ಚಾದ ಭಾಗ ಮೇಲೆ ಬರುವ ಹಾಗೆ ಹಿಡಿದರು. ಆ ಹೆಂಗಸು ಒಂದು ಸಲ ನೋಡಿ ತಲೆಯಾಡಿಸಿ ಮುಂದೆ ಹೋದರು. ನಮ್ಮ ಹಿಂದಿದ್ದ ಇಬ್ಬರು ಹುಡುಗರನ್ನು ಮುಂದಿನ ಸ್ಟೇಷನ್ನಿನಲ್ಲಿ ಇಳಿಸಿದರು. ದಂಡ 100 ಯೂರೋ ಮೇಲೆಯೇ ಇದೆ. ಪ್ರವಾಸಿ, ಭಾಷೆ ಬರುವುದಿಲ್ಲ ಎಂಬ ಮಾತೆಲ್ಲ ನಡೆಯುವುದಿಲ್ಲ.

ಮೆಟ್ರೋ ಸಾಲುಗಳು ಯು1, ಯು2, ಯು3, ಯು4, ಯು6. ಯು5 ಇಲ್ಲ. ಮೊದಲ ಸಾಲು 1978ರಲ್ಲಿ ಓಡಿತು, ಐದನೆಯದರ ಕಾಮಗಾರಿ ಈಗ ನಡೆಯುತ್ತಿದೆ. ನಾವು ಅಗೆದ ರಸ್ತೆ ನೋಡಿ ಬಂದವರು, ಅಲ್ಲೂ ಅದನ್ನೇ ನೋಡಿ ಸ್ವಲ್ಪ ಸಮಾಧಾನವಾಯಿತು. ಗಾಡಿ ಯಾವ ದಿಕ್ಕಿಗೆ ಎಂಬುದನ್ನು ಕೊನೆಯ ಸ್ಟೇಷನ್ನಿನ ಹೆಸರಿನಿಂದಲೇ ತಿಳಿಯಬೇಕು. ಹೀಗಾಗಿ ನೀವು ಹತ್ತುವ ಸಾಲಿನ ಎರಡೂ ತುದಿಯ ಹೆಸರು ಬಾಯಿಪಾಠ ಇರಲಿ. ನಮ್ಮದು ಯು3: ಒಟ್ಟಾಕ್ರಿಂಗ್ ಒಂದು ತುದಿ, ಸಿಮ್ಮರಿಂಗ್ ಇನ್ನೊಂದು. ಎಸ್ಕಲೇಟರಿನಲ್ಲಿ ಬಲಕ್ಕೆ ನಿಲ್ಲಿ, ಎಡಗಡೆ ನಡೆಯುವವರಿಗೆ. ಮೆಟ್ರೋದಲ್ಲಿ ತಿನ್ನುವಂತಿಲ್ಲ, 2019ರಿಂದ ಆ ನಿಯಮ. ಸ್ಟೇಷನ್ನುಗಳಲ್ಲೇ ನೋಡುವಂಥದ್ದು ಇರುತ್ತದೆ. ಸ್ಟುಬೆನ್‌ಟೋರ್‌ನಲ್ಲಿ ಹಳೆಯ ಕೋಟೆಗೋಡೆಯ ತುಂಡನ್ನು ಉಳಿಸಿಕೊಂಡಿದ್ದಾರೆ. ಷ್ಟೆಫಾನ್ಸ್‌ಪ್ಲಾಟ್ಸ್‌ನಲ್ಲಿ 1973ರಲ್ಲಿ ಮೆಟ್ರೋಗೆ ಅಗೆಯುವಾಗ ನೆಲದಡಿಯಲ್ಲಿ ಮಧ್ಯಯುಗದ ಪ್ರಾರ್ಥನಾ ಮಂದಿರವೇ ಸಿಕ್ಕಿತು. ಜನ ಗಾಡಿ ಹಿಡಿಯಲು ಓಡುವ ಜಾಗದಲ್ಲೇ ಗಾಜಿನ ಕಿಟಕಿಯಿಂದ ಬಗ್ಗಿ ನೋಡಬಹುದು.

ನಾವು ಉಳಿದದ್ದು ಮೂರನೇ ಬೆಟ್ಸಿರ್ಕಿನಲ್ಲಿ, ಒಂದು ಹಳೆಯ ಅಪಾರ್ಟ್‌ಮೆಂಟಿನಲ್ಲಿ. ಊರಿನಲ್ಲಿ ಇಂಥ 23 ವಿಭಾಗಗಳಿವೆ. ಪಿನ್‌ಕೋಡ್ ನೋಡಿದರೇ ಯಾವುದೆಂದು ಗೊತ್ತಾಗುತ್ತದೆ. 1030 ಅಂದರೆ ಮೂರು, 1190 ಅಂದರೆ ಹತ್ತೊಂಬತ್ತು, ನಡುವಿನ ಎರಡು ಅಂಕಿ ಓದಿದರೆ ಸಾಕು. ಬೀದಿ ಬೋರ್ಡಿನ ಮೇಲೂ ಹೆಸರಿಗಿಂತ ಮೊದಲು ಆ ಸಂಖ್ಯೆ ಇರುತ್ತದೆ. ಒಂದನೆಯದು ನಟ್ಟನಡುವೆ, ಎರಡರಿಂದ ಒಂಬತ್ತು ಅದರ ಸುತ್ತ, ಉಳಿದವು ಇನ್ನೂ ಹೊರಗೆ. ಹೋಟೆಲ್ ಹುಡುಕುವಾಗ ನಕ್ಷೆ ತೆಗೆಯದೆಯೇ ಅಂದಾಜು ಸಿಗುತ್ತದೆ.

ಮನೆ ವಿಳಾಸ ಮಾತ್ರ ತಮಾಷೆ. 15/2/12 ಎಂದು ಬರೆದಿದ್ದರೆ 15ನೇ ನಂಬರ್ ಕಟ್ಟಡ, ಎರಡನೇ ಮೆಟ್ಟಿಲಸಾಲು, 12ನೇ ಬಾಗಿಲು. ಬೀದಿ ಬಾಗಿಲಿನ ಬೆಲ್ಲಿನ ಹಲಗೆಯಲ್ಲಿ ಕೆಲವು ಕಡೆ ನಂಬರ್ ಮಾತ್ರ ಇರುತ್ತದೆ, ಹೆಸರು ಇರುವುದಿಲ್ಲ. ಮಹಡಿ ಲೆಕ್ಕ ಇನ್ನೂ ವಿಚಿತ್ರ. ಹಳೆಯ ಕಟ್ಟಡಗಳಲ್ಲಿ ನೆಲಮಹಡಿ ಆದ ಮೇಲೆ ಹೋಖ್‌ಪಾರ್ಟೆರ್ ಎಂದೊಂದು, ಆಮೇಲೆ ಮೆಟ್ಸಾನಿನ್ ಎಂದೊಂದು, ಆಮೇಲೆ "ಮೊದಲನೇ ಮಹಡಿ" ಬರುವುದುಂಟು. ನಮ್ಮ ಮನೆ ಎರಡನೇ ಮಹಡಿ. ಲಿಫ್ಟ್ ಇಲ್ಲ. ಸೂಟ್‌ಕೇಸ್ ಹೊತ್ತು ಹತ್ತುವಾಗ ಚಿಕ್ಕಮ್ಮ ಮೆಟ್ಟಿಲು ಎಣಿಸುತ್ತಾ ಬಂದರು. "ಎರಡು ಅಂದ್ರೆ ನಾಲ್ಕು ಅಂತ ಲೆಕ್ಕ ಹಾಕೋ ಮಕ್ಕಳಿಗೆ ನಾನು ಸೊನ್ನೆ ಕೊಡ್ತಿದ್ದೆ" ಎಂದರು. ಬುಕ್ ಮಾಡುವಾಗ ಲಿಫ್ಟ್ ಇದೆಯಾ ಎಂದು ಕೇಳಿಕೊಳ್ಳಿ.

ಅಲ್ಲಿ ನಲ್ಲಿ ನೀರು ಕುಡಿಯಬಹುದು. ಆಲ್ಪ್ಸ್ ಬೆಟ್ಟದ ಬುಗ್ಗೆಗಳಿಂದ ಊರಿಗೆ ಬರುತ್ತದೆ. ಮೊದಲ ಕೊಳವೆಮಾರ್ಗ 1873ರದ್ದು, ಎರಡನೆಯದು 1910ರದ್ದು. ನೀರು ಇಳಿಜಾರಿನಲ್ಲೇ ಹರಿದು ಬರುತ್ತದೆ. ಚಿಕ್ಕಮ್ಮ ಒಂದು ಗುಟುಕು ಕುಡಿದು ನಮ್ಮ ಕೊಡಚಾದ್ರಿ ಕಡೆಯ ಒರತೆ ನೀರಿಗೆ ಸಮ ಎಂದು ತೀರ್ಪು ಕೊಟ್ಟರು. ಬೀದಿಗಳಲ್ಲೂ ಕುಡಿಯುವ ನೀರಿನ ಕೊಳಾಯಿ ಇವೆ. ಬಾಟಲಿ ಕೊಳ್ಳುವುದು ಸುಮ್ನೆ ದಂಡ. ಸಾರ್ವಜನಿಕ ಶೌಚಾಲಯಕ್ಕೆ ಸಾಮಾನ್ಯವಾಗಿ 50 ಸೆಂಟ್ ಚಿಲ್ಲರೆ ಬೇಕು. ಅಲ್ಲಿ ನೀರಿನ ಪೈಪು ಇರುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ, ಒಂದು ಪುಟ್ಟ ಬಾಟಲಿ ಚೀಲದಲ್ಲಿರಲಿ.

ಊಟದ್ದೇ ನಿಜವಾದ ಕಷ್ಟ. ಮೊಟ್ಟೆ ತಿನ್ನುವ ಸಸ್ಯಾಹಾರಿಗಳಿಗೆ ಈಗ ಅಲ್ಲಿ ಬೇಕಾದಷ್ಟು ಸಿಗುತ್ತದೆ. ಮೊಟ್ಟೆಯೂ ಬೇಡ ಎಂದರೆ ಪಟ್ಟಿ ಚಿಕ್ಕದಾಗುತ್ತದೆ. ಚೀಸ್ ಹಾಕಿದ ಷ್ಪೆಟ್ಸ್ಲೆ ಎಂಬ ಬೇಯಿಸಿದ ಹಿಟ್ಟಿನ ತುಂಡುಗಳು ನೋಡಲು ಸೊಗಸು, ಹಿಟ್ಟಿನಲ್ಲೇ ಮೊಟ್ಟೆ ಇದೆ. ಕೈಸರ್‌ಶ್ಮಾರ್ನ್ ಎಂಬ ಸಿಹಿ ದೋಸೆಯ ಚೂರುಗಳಲ್ಲಿ ಮೊಟ್ಟೆಯೇ ಮುಖ್ಯ. ಆಲೂಗೆಡ್ಡೆ ಸಲಾಡ್ ನಂಬಬಹುದು ಎಂದುಕೊಳ್ಳುತ್ತೀರಿ ಅಲ್ವಾ? ವಿಯೆನ್ನಾ ಪದ್ಧತಿಯಲ್ಲಿ ಅದಕ್ಕೆ ಹಾಕುವುದು ದನದ ಮಾಂಸ ಬೇಯಿಸಿದ ನೀರು. ತರಕಾರಿ ಸೂಪಿಗೂ ಅದನ್ನೇ ಹಾಕುವವರಿದ್ದಾರೆ. ಇದನ್ನು ಮೆನುವಿನಲ್ಲಿ ಬರೆದಿರುವುದಿಲ್ಲ, ಕೇಳಿದರೆ ಮಾತ್ರ ಹೇಳುತ್ತಾರೆ. ಕೇಳಿದರೆ ನಿಜ ಹೇಳುತ್ತಾರೆ ಎಂಬುದೂ ಅಷ್ಟೇ ನಿಜ. ಒಬ್ಬ ವೇಟರ್ ಒಳಗೆ ಹೋಗಿ ಅಡುಗೆಯವನನ್ನು ವಿಚಾರಿಸಿ ಬಂದು, ನಿಮಗೆ ಆಗುವಂಥದ್ದು ಇವತ್ತು ಇಲ್ಲಿ ಬ್ರೆಡ್ಡು, ಹಸಿರು ಸಲಾಡು ಮಾತ್ರ ಎಂದರು. ನಾಶ್‌ಮಾರ್ಕ್ಟ್ ಸಂತೆಯಲ್ಲಿ ಫಲಾಫೆಲ್, ಹಣ್ಣು, ಆಲಿವ್ ಸಿಗುತ್ತವೆ. ಕೊಳ್ಳದಿದ್ದರೂ ಕೈ ಹಿಡಿದು ರುಚಿ ತೋರಿಸುತ್ತಾರೆ, ಅದೊಂದೇ ಜಾಗದಲ್ಲಿ ನಮ್ಮನ್ನು ಯಾರಾದರೂ ಕೂಗಿ ಕರೆದದ್ದು. ಬೆಳಗಿನ ಹೊತ್ತಿಗೆ ಅವಲಕ್ಕಿ ಇದ್ದೇ ಇತ್ತು.

ಭಾನುವಾರ ಅಂಗಡಿಗಳೆಲ್ಲ ಬಂದ್. ಸೂಪರ್ ಮಾರ್ಕೆಟ್ ಕೂಡ. ತೆರೆದಿರುವುದು ದೊಡ್ಡ ರೈಲು ನಿಲ್ದಾಣಗಳೊಳಗಿನವು ಮಾತ್ರ, ಅಲ್ಲಿ ನೂಕುನುಗ್ಗಲು. ಶನಿವಾರ ಸಂಜೆಯೊಳಗೆ ಹಾಲು ಮೊಸರು ತಂದಿಟ್ಟುಕೊಳ್ಳಿ. ಆ ಭಾನುವಾರ ಬೆಳಿಗ್ಗೆ ವಾಕಿಂಗ್ ಹೋದಾಗ ಬೀದಿದೀಪದ ಕಂಬಗಳಿಗೆ ಪ್ಲಾಸ್ಟಿಕ್ ಚೀಲ ನೇತುಹಾಕಿದ್ದು ಕಂಡಿತು. ಒಳಗೆ ಆ ದಿನದ ಪೇಪರುಗಳು, ಪಕ್ಕದಲ್ಲಿ ಅಂಗೈಯಗಲದ ಕಬ್ಬಿಣದ ಡಬ್ಬಿ, ಅದರಲ್ಲಿ ನಾಣ್ಯ ಹಾಕಲು ಸೀಳು. ಕಾವಲಿಗೆ ಯಾರೂ ಇಲ್ಲ. ಚಿಕ್ಕಮ್ಮ ಎದುರಿನ ಬೆಂಚಿನಲ್ಲಿ ಕೂತುಬಿಟ್ಟರು. "ಯಾರು ಹಾಕ್ತಾರೆ, ಯಾರು ಹಾಕಲ್ಲ ನೋಡೋಣ ಇರು." ಪರೀಕ್ಷಾ ಕೊಠಡಿಯಲ್ಲಿ ಇನ್ವಿಜಿಲೇಷನ್ ಮಾಡಿದ ಕಣ್ಣು ಅವರದು. ನಾಯಿ ಹಿಡಿದ ಮುದುಕರೊಬ್ಬರು ಬಂದು ಪೇಪರ್ ತೆಗೆದು ನಾಣ್ಯ ಹಾಕಿದರು. ಸದ್ದು ಕೇಳಿಸಿತು. ಆಮೇಲೆ ಬಂದ ಹುಡುಗ ಪೇಪರ್ ಎತ್ತಿಕೊಂಡು ಹಾಗೇ ನಡೆದ. "ಫಿಫ್ಟಿ ಫಿಫ್ಟಿ" ಎಂದು ಚಿಕ್ಕಮ್ಮ ಎದ್ದರು. ಕಳ್ಳತನ ಆಗುತ್ತದೆ ಎಂದು ಗೊತ್ತಿದ್ದೂ ಚೀಲ ನೇತುಹಾಕುತ್ತಲೇ ಇದ್ದಾರೆ ಎಂಬುದು ನನಗೆ ಇನ್ನೂ ಸೋಜಿಗ.

ಊರು ನೋಡುವುದಕ್ಕೆ ನನ್ನ ಸಲಹೆ, ಮೊದಲು ಟ್ರಾಮ್ ಹತ್ತಿ. 1857ರಲ್ಲಿ ಚಕ್ರವರ್ತಿ ಫ್ರಾನ್ಸ್ ಯೋಸೆಫ್ ಕೋಟೆಗೋಡೆ ಒಡೆಸಲು ಆಜ್ಞೆ ಮಾಡಿದ. ಆ ಜಾಗದಲ್ಲಿ ಬಂದದ್ದು ರಿಂಗ್‌ಸ್ಟ್ರಾಸೆ ಎಂಬ ದೊಡ್ಡ ಬೀದಿ. ಅಪೆರಾ, ಅಂದರೆ ಸಂಗೀತ ನಾಟಕದ ರಂಗಮಂದಿರದ ಎದುರು 1, ಡಿ ಅಥವಾ 71ನೇ ಟ್ರಾಮ್ ಹತ್ತಿ ಷಾಟ್ಟೆನ್‌ಟೋರ್ ಕಡೆಗೆ ಹೋದರೆ ಅವಳಿ ಮ್ಯೂಸಿಯಂಗಳು, ಪಾರ್ಲಿಮೆಂಟು, ನಗರಸಭೆಯ ಕಟ್ಟಡವಾದ ರಾಟ್‌ಹೌಸ್, ವಿಶ್ವವಿದ್ಯಾಲಯ ಸಾಲಾಗಿ ಬರುತ್ತವೆ. ಎಡಗಡೆ ಕಿಟಕಿ ಹಿಡಿಯಿರಿ, ಇವೆಲ್ಲ ಎಡಕ್ಕೇ. ಪ್ರವಾಸಿ ಬಸ್ಸಿಗೆ ಬೇರೆ ದುಡ್ಡು ಯಾಕೆ, ಪಾಸು ಇದೆಯಲ್ಲ. ನಡೆದು ರಸ್ತೆ ದಾಟುವಾಗ ಸಿಗ್ನಲ್ ನೋಡಿ. 2015ರಿಂದ ಕೆಲವು ಕಡೆ ಒಂಟಿ ಮನುಷ್ಯನ ಬದಲು ಕೈ ಹಿಡಿದ ಜೋಡಿ, ನಡುವೆ ಹೃದಯ. ಕೆಂಪು ಜೋಡಿ ಇದ್ದಾಗ ರಸ್ತೆ ಖಾಲಿ ಇದ್ದರೂ ಜನ ದಾಟುವುದಿಲ್ಲ. ಸೈಕಲ್ ದಾರಿಯಲ್ಲಿ ಕಾಲಿಟ್ಟರೆ ಮಾತ್ರ ಹಿಂದಿನಿಂದ ಗಂಟೆ, ಅದರ ಹಿಂದೆ ಬೈಗುಳ.

ಅವಳಿ ಮ್ಯೂಸಿಯಂಗಳಲ್ಲಿ ಒಂದು ಕುನ್ಸ್ಟ್‌ಹಿಸ್ಟೋರಿಷೆಸ್. 1891ರಲ್ಲಿ ತೆರೆದದ್ದು. ಹೆಸರು ಹೇಳಲು ಬರದಿದ್ದರೂ ಪರವಾಗಿಲ್ಲ, ಚಿತ್ರಕಾರ ಬ್ರೂಗೆಲ್‌ನ ಕೋಣೆ ಎಂದು ಕೇಳಿ. ಅಲ್ಲಿ 1560ರ ಒಂದು ಚಿತ್ರವಿದೆ, ಮಕ್ಕಳ ಆಟಗಳದ್ದು. ಒಂದು ಊರಿನ ಬಯಲು, ಅದರ ತುಂಬ ಇನ್ನೂರಕ್ಕೂ ಹೆಚ್ಚು ಮಕ್ಕಳು, ಎಲ್ಲರೂ ಏನೋ ಒಂದು ಆಡುತ್ತಿದ್ದಾರೆ. ಸೋಫಾ ಬಿಟ್ಟು ಎದ್ದ ಚಿಕ್ಕಮ್ಮ ಚಿತ್ರದ ಮುಂದಿನಿಂದ ಕದಲಲೇ ಇಲ್ಲ. ಎಡ ಮೂಲೆಯಲ್ಲಿ ಇಬ್ಬರು ನೆಲಕ್ಕೆ ಬಗ್ಗಿ ಮೂಳೆಯ ಚೂರುಗಳನ್ನು ಎಸೆದು ಹಿಡಿಯುತ್ತಿದ್ದರು. "ಕಲ್ಲಾಟ!" ಎಂದರು ಚಿಕ್ಕಮ್ಮ, ಸ್ವಲ್ಪ ಜೋರಾಗಿಯೇ. ಕೆಳಗೆ ನಡುವಿನಲ್ಲಿ ಬಳೆಯಾಕಾರದ ಚಕ್ರವನ್ನು ಕೋಲಿನಿಂದ ಓಡಿಸುವ ಹುಡುಗರು, ಟೈರು ಹೊಡೆಯುವುದಲ್ಲದೆ ಮತ್ತೇನು. ಬುಗುರಿ ಇತ್ತು. ಕಣ್ಣಾಮುಚ್ಚಾಲೆ ಇತ್ತು. ಬಗ್ಗಿ ನಿಂತವನ ಬೆನ್ನ ಮೇಲಿಂದ ಹಾರುವವರಿದ್ದರು. ಗೋಡೆ ಪಕ್ಕ ಒಬ್ಬನನ್ನು ನಾಲ್ಕು ಜನ ಸೇರಿ ಗೋಳುಹೊಯ್ಯುತ್ತಿದ್ದುದನ್ನೂ ಅವರು ಬಿಡಲಿಲ್ಲ. "ಇಂಥವನು ಪ್ರತಿ ಕ್ಲಾಸಿನಲ್ಲೂ ಒಬ್ಬ ಇರ್ತಾನೆ." ಅಷ್ಟು ಮಕ್ಕಳಲ್ಲಿ ನಗುವ ಮುಖ ಹುಡುಕಿದರೂ ಸಿಗುವುದು ಕಷ್ಟ, ಎಲ್ಲರೂ ಆಟವನ್ನು ಕೆಲಸದ ಹಾಗೆ ಗಂಭೀರವಾಗಿ ಆಡುತ್ತಿದ್ದಾರೆ. ಕಾವಲಿನ ಮಹಿಳೆ ಬಂದು, ಹತ್ತಿರ ಹೋಗಬೇಡಿ ಎಂದು ಕೈಸನ್ನೆ ಮಾಡಿದರು. ನಾಲ್ಕು ಹೆಜ್ಜೆ ಹಿಂದೆ ಸರಿದು ಚಿಕ್ಕಮ್ಮ ಎಣಿಕೆ ಮುಂದುವರಿಸಿದರು. ಉಳಿದ ಕೋಣೆಗಳನ್ನು ನಾನೊಬ್ಬಳೇ ನೋಡಿ ಬಂದೆ.

ಷೋನ್‌ಬ್ರುನ್ ಅರಮನೆಗೆ ಯು4 ಹೋಗುತ್ತದೆ. 1,441 ಕೋಣೆಗಳಂತೆ. ಟಿಕೆಟ್ಟಿನಲ್ಲಿ ಕಾಣುವುದು ಕೆಲವೇ. ಮುಂಚೆಯೇ ಸಮಯ ಬುಕ್ ಮಾಡಿ. ತೋಟಕ್ಕೆ ಟಿಕೆಟ್ ಇಲ್ಲ, ಅರಮನೆಗಿಂತ ಅದೇ ನಮಗೆ ಹಿಡಿಸಿತು.

ಅಪೆರಾದ ವಿಷಯಕ್ಕೆ ಬರುತ್ತೇನೆ, ನಾವು ಹೋಗಿದ್ದೇ ಅದಕ್ಕೆ. ಷ್ಟಾಟ್ಸ್‌ಓಪರ್ ಎಂಬ ಆ ರಂಗಮಂದಿರ 1869ರಲ್ಲಿ ಶುರುವಾಯಿತು, 1945ರ ಮಾರ್ಚ್‌ನಲ್ಲಿ ಬಾಂಬು ಬಿದ್ದು ಸುಟ್ಟುಹೋಯಿತು, 1955ರ ನವೆಂಬರ್‌ನಲ್ಲಿ ಮತ್ತೆ ತೆರೆಯಿತು. ಜುಲೈ, ಆಗಸ್ಟ್‌ನಲ್ಲಿ ಕಾರ್ಯಕ್ರಮ ಇರುವುದಿಲ್ಲ, ನಾವು ಮೇ ಕೊನೆಗೆ ಹೋದದ್ದಕ್ಕೆ ಅದೂ ಒಂದು ಕಾರಣ. ಒಳ್ಳೆಯ ಸೀಟಿಗೆ 200 ಯೂರೋ ಮೇಲೂ ಇದೆ. ಆದರೆ ನಿಂತು ಕೇಳುವ ಜಾಗ ಎಂದು 400ಕ್ಕೂ ಹೆಚ್ಚು ಇಟ್ಟಿದ್ದಾರೆ, ಅದರ ಬೆಲೆ ಒಂದು ಊಟದಷ್ಟು. ಕಾರ್ಯಕ್ರಮದ ದಿನವೇ ಕೊಡುತ್ತಾರೆ, ಆನ್‌ಲೈನ್‌ನಲ್ಲೂ, ಸಂಜೆ ಪಕ್ಕದ ಬಾಗಿಲಿನ ಕೌಂಟರಿನಲ್ಲೂ. ನಾವು ಸಾಲಿನಲ್ಲೇ ನಿಂತೆವು. ಹಿಂದಿದ್ದ ಜಪಾನಿ ಹುಡುಗಿಗೆ ಚಿಕ್ಕಮ್ಮ ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಮೈಸೂರಿನ ಜಯಚಾಮರಾಜ ಒಡೆಯರ್ ಕಥೆ ಹೇಳಿದರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ನಮ್ಮ ಮಹಾರಾಜರು ದುಡ್ಡು ಕೊಟ್ಟಿದ್ದರು ಎಂಬುದು ಅವರಿಗೆ ದೊಡ್ಡ ಹೆಮ್ಮೆ.

ಒಳಗೆ ನಿಲ್ಲುವ ಜಾಗದಲ್ಲಿ ಮೆಟ್ಟಿಲುಗಳು, ಪ್ರತಿ ಮೆಟ್ಟಿಲಿಗೂ ಸೊಂಟದೆತ್ತರದ ಕಂಬಿ. ಒಳಗೆ ಕಾಲಿಟ್ಟ ಜನ ಮಾಡುವ ಮೊದಲ ಕೆಲಸ ಕುತ್ತಿಗೆಯ ಸ್ಕಾರ್ಫ್ ಬಿಚ್ಚಿ ಕಂಬಿಗೆ ಕಟ್ಟುವುದು. ಕಟ್ಟಿದರೆ ಆ ಜಾಗ ನಿಮ್ಮದು. ಆಮೇಲೆ ನಿಶ್ಚಿಂತೆಯಿಂದ ಹೊರಗೆ ಹೋಗಿ ಕಾಫಿ ಕುಡಿದು ಬರಬಹುದು, ಯಾರೂ ಬಿಚ್ಚುವುದಿಲ್ಲ. ನಾನು ಓದಿಕೊಂಡು ಹೋಗಿದ್ದರಿಂದ ಸ್ಕಾರ್ಫ್ ತಂದಿದ್ದೆ. ಚಿಕ್ಕಮ್ಮ ತಮ್ಮ ಕರ್ಚೀಫನ್ನೇ ಗಂಟು ಹಾಕಿದರು. ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕುವುದನ್ನು ಕಂಡವರಿಗೆ ಇದು ಕಲಿಸಬೇಕಾದ ವಿದ್ಯೆಯಲ್ಲ. ಎದುರಿಗೆ ಪುಟ್ಟ ಪರದೆ ಇರುತ್ತದೆ, ಹಾಡಿನ ಅರ್ಥ ಇಂಗ್ಲಿಷಿನಲ್ಲೂ ಓದಬಹುದು. ಕೋಟು, ದೊಡ್ಡ ಚೀಲ ಕೆಳಗೆ ಕೊಟ್ಟು ಬರಬೇಕು. ಹಾಡುವವರಿಗೆ ಮೈಕ್ ಇಲ್ಲ ಎಂದು ಗೊತ್ತಾದಾಗ ಚಿಕ್ಕಮ್ಮ ಪರದೆ ನೋಡುವುದನ್ನೇ ಬಿಟ್ಟರು. ನನ್ನ ಕಾಲು ಎರಡನೇ ಅಂಕದಲ್ಲೇ ಸೋತಿತು. ವಿರಾಮದಲ್ಲಿ ಮೆಟ್ಟಿಲ ಮೇಲೆ ಕೂತೆ. ಅವರು ಕೊನೆಯವರೆಗೂ ನಿಂತಿದ್ದರು.

ಆ ಹುಚ್ಚಿನಲ್ಲೇ ಮರುದಿನ 71ನೇ ಟ್ರಾಮ್ ಹಿಡಿದು ದೊಡ್ಡ ಸ್ಮಶಾನಕ್ಕೆ ಹೋದೆವು. 1874ರಲ್ಲಿ ಶುರುವಾದದ್ದು, ಸುಮಾರು 30 ಲಕ್ಷ ಜನರನ್ನು ಹೂಳಲಾಗಿದೆ. ಒಳಗೆ ಓಡಾಡಲು ಸಿಟಿ ಬಸ್ಸೇ ಇದೆ, ನಂಬರ್ 106. ಎರಡನೇ ಗೇಟಿನಲ್ಲಿ ಇಳಿದು 32ಎ ಎಂಬ ಗುಂಪು ಕೇಳಿದರೆ ಸಂಗೀತಗಾರರೆಲ್ಲ ಒಂದೇ ಕಡೆ. ಬೀಥೋವನ್ 1827ರಲ್ಲಿ ತೀರಿಕೊಂಡರೂ ಇಲ್ಲಿಗೆ ತಂದದ್ದು 1888ರಲ್ಲಿ. ಪಕ್ಕದಲ್ಲಿ ಶೂಬರ್ಟ್. ನಡುವೆ ಮೋಟ್ಸಾರ್ಟ್‌ನ ಸ್ಮಾರಕ ಮಾತ್ರ ಇದೆ, ಅವನನ್ನು ಹೂತದ್ದು ಸಾಂಕ್ಟ್ ಮಾರ್ಕ್ಸ್ ಸ್ಮಶಾನದಲ್ಲಿ, ಸರಿಯಾಗಿ ಎಲ್ಲಿ ಎಂದು ಯಾರಿಗೂ ಗೊತ್ತಿಲ್ಲ. ಸ್ಮಶಾನಕ್ಕೆ ಪಿಕ್ನಿಕ್ ಹೋದ ಸುದ್ದಿ ಊರಲ್ಲಿ ಹೇಳಬೇಡ ಎಂದು ಚಿಕ್ಕಮ್ಮ ತಾಕೀತು ಮಾಡಿದ್ದರು.

ಷಾಟ್ಟೆನ್‌ಟೋರ್ ಹತ್ತಿರ ಲೀಖ್ಟೆನ್‌ಷ್ಟೈನ್ ಬೀದಿಯಲ್ಲಿ ವೀನರ್ ದೀವಾನ್ ಎಂಬ ಪಾಕಿಸ್ತಾನಿ ಹೋಟೆಲ್ ಇದೆ. ಬೇಕಾದಷ್ಟು ಬಡಿಸಿಕೊಳ್ಳಿ, ಕೊಡಬೇಕೆನಿಸಿದಷ್ಟು ಕೊಡಿ ಎಂಬುದೇ ಅವರ ಪದ್ಧತಿ. ಕುಡಿಯುವುದಕ್ಕೆ ಮಾತ್ರ ದರ ಇದೆ. ದೊಡ್ಡ ಪಾತ್ರೆಗಳಲ್ಲಿ ಬೇಳೆ, ತರಕಾರಿ, ಅನ್ನ ಒಂದು ಕಡೆ, ಮಾಂಸದ್ದು ಬೇರೆ ಕಡೆ. ಬೇಳೆಸಾರು ಕಂಡದ್ದೇ ಚಿಕ್ಕಮ್ಮನ ಮುಖ ಅರಳಿತು, ಎರಡು ಸಲ ಹಾಕಿಸಿಕೊಂಡರು. ಆಮೇಲೆ ತಲೆಬಿಸಿ ಶುರುವಾಯಿತು. ಎಷ್ಟು ಕೊಡೋದು? "ಬೋರ್ಡ್ ಹಾಕಿದ್ರೆ ಕೊಟ್ಟು ಬರ್ತಿದ್ದೆ. ಇದೇನೇ ಇದು, ಮರ್ಯಾದೆ ಪ್ರಶ್ನೆ." ಸುತ್ತ ಕೂತ ವಿದ್ಯಾರ್ಥಿಗಳು ಐದರ ನೋಟು ಕೊಟ್ಟು ಹೋಗುತ್ತಿದ್ದರು. ಚಿಕ್ಕಮ್ಮ ಇಬ್ಬರ ಲೆಕ್ಕ ಹಾಕಿ, ಎರಡನೇ ಸಲದ ಸಾರಿಗೂ ಸೇರಿಸಿ, ಕೊನೆಗೆ ನಾನು ಹೇಳಿದ್ದಕ್ಕಿಂತ ಜಾಸ್ತಿಯೇ ಕೊಟ್ಟರು. ಬೇರೆ ಹೋಟೆಲುಗಳಲ್ಲಿ ಬಿಲ್ಲಿನ ಮೇಲೆ ಶೇ. 10ರಷ್ಟು ಸೇರಿಸಿ ಒಟ್ಟು ಎಷ್ಟು ತೆಗೆದುಕೊಳ್ಳಬೇಕು ಎಂದು ವೇಟರಿಗೆ ಬಾಯಲ್ಲೇ ಹೇಳುವುದು ರೂಢಿ. ಸಣ್ಣ ಜಾಗಗಳಲ್ಲಿ ಕಾರ್ಡ್ ನಡೆಯುವುದಿಲ್ಲ, ಸ್ವಲ್ಪ ನಗದು ಇಟ್ಟುಕೊಳ್ಳಿ.

ವಾಪಸ್ ಬರುವಾಗ ಊರಿಗೆ ಒಯ್ಯಲು ಏನಾದರೂ ಬೇಕಲ್ಲ. ಅದನ್ನು ವಿಮಾನ ನಿಲ್ದಾಣಕ್ಕೆ ಬಿಡಬೇಡಿ, ಅಲ್ಲಿ ದುಬಾರಿ. ಯಾವ ಸೂಪರ್ ಮಾರ್ಕೆಟ್‌ನಲ್ಲಾದರೂ ಗುಲಾಬಿ ಬಣ್ಣದ ಪೊಟ್ಟಣದಲ್ಲಿ ಮಾನ್ನರ್ ವೇಫರ್ ಸಿಗುತ್ತದೆ. ಒಳಗೆ ಹೇಝಲ್‌ನಟ್ ಕ್ರೀಮು, ಹಾಲು ಮೊಟ್ಟೆ ಎರಡೂ ಇಲ್ಲ. ಪೊಟ್ಟಣದ ಮೇಲೆ ಷ್ಟೆಫಾನ್ ಚರ್ಚಿನ ಚಿತ್ರವಿದೆ. ಆ ಚಿತ್ರ ಬಳಸುವುದಕ್ಕೆ ಬದಲಾಗಿ ಕಂಪನಿ ಚರ್ಚಿನ ದುರಸ್ತಿಗೆ ಒಬ್ಬ ಕಲ್ಲುಕುಟಿಗನ ಸಂಬಳ ಕೊಡುತ್ತದಂತೆ. ಹಗುರ, ಪುಡಿಯಾಗುವುದಿಲ್ಲ, ಇಪ್ಪತ್ತು ಮನೆಗೆ ಹಂಚಿದರೂ ಬ್ಯಾಗಿನ ತೂಕ ಏರುವುದಿಲ್ಲ. ಚಿಕ್ಕಮ್ಮ ಲೇಬಲ್ಲನ್ನು ಕನ್ನಡಕ ಏರಿಸಿ ಎರಡು ಸಲ ಓದಿ, ಆಮೇಲೆ ತಳ್ಳುಗಾಡಿ ತರಲು ಹೇಳಿದರು.